ಎಲೆ ಲೆಕ್ಕ, ತಲೆ ಲೆಕ್ಕ

ಬೋಟು ಸಂಜೆ ಏಳಕ್ಕೆ ಅಂದರೆ ಏಳಕ್ಕೇ ಬಿಡುತ್ತದೆ ಅಂತ ಕರೆದವರಿಗೆಲ್ಲ ಮೂರು ಮೂರು ಸಲ ಹೇಳಿದ್ದೆ. ಆದರೂ ನಮ್ಮಣ್ಣನ ಹಳೇ ಸ್ನೇಹಿತರೊಬ್ಬರು ಬಂದದ್ದು ಏಳೂ ನಾಲ್ಕಕ್ಕೆ. ರೇಷ್ಮೆ ಜುಬ್ಬಾ ತೊಟ್ಟು, ಮುಯ್ಯಿ ಕವರ್ ಹಿಡಿದ ಕೈಯನ್ನೇ ಬೀಸುತ್ತ ಥೇಮ್ಸ್ ದಡದಲ್ಲಿ ನಿಂತಿದ್ದರು. ನಡುವೆ ಇದ್ದದ್ದು ಹೆಚ್ಚೆಂದರೆ ಹತ್ತು ಮಾರು ನೀರು. ಬೋಟು ತಿರುಗಲಿಲ್ಲ. ಅಣ್ಣ ನನ್ನ ಮುಖ ನೋಡಿದ. ಆ ನೋಟ ಇನ್ನೂ ಚುಚ್ಚುತ್ತಿದೆ.

ಅಣ್ಣನ ಮಗಳು ಲಂಡನ್ನಿನಲ್ಲೇ ಕೆಲಸದಲ್ಲಿದ್ದಾಳೆ. ಧಾರೆ ಹಾಸನದಲ್ಲಿ ಮುಗಿದಿತ್ತು. ರಿಸೆಪ್ಷನ್ ಮಾತ್ರ ಇಲ್ಲಿ, ಬೋಟಿನ ಮೇಲೇ ಆಗಬೇಕೆಂದು ಅವಳ ಹಟ. ಓಡಾಟವೆಲ್ಲ ಚಿಕ್ಕಪ್ಪನಾದ ನನ್ನ ಪಾಲಿಗೆ. ಬೋಟಿನವರು ಮೊದಲು ಕೇಳಿದ್ದು ಊಟವನ್ನಲ್ಲ, ಹೂವನ್ನಲ್ಲ. ಎಷ್ಟು ಜನ? ಎರಡು ವಾರ ಮೊದಲೇ ಕೊನೆಯ ಸಂಖ್ಯೆ ಬೇಕು, ಮಡಿಲ ಕೂಸೂ ಒಂದು ತಲೆ.

ಅಣ್ಣನಿಗೆ ಫೋನ್ ಮಾಡಿದೆ. "ಲೋ, ಕರೆಯೋದು ನಮ್ಮ ಕೆಲಸ. ಬರೋರು ಬರ್ತಾರೆ. ಎಣಿಸಿ ಕರೆಯೋಕೆ ಇದೇನು ಕೋರ್ಟ್ ಸಮನ್ಸಾ?" ಅಂದ.

ನನಗೂ ಹಾಗೇ ಅನಿಸಿತ್ತು, ಸುಳ್ಳೇಕೆ. ನಮ್ಮಲ್ಲೂ ಲೆಕ್ಕ ಇಲ್ಲದೆ ಇಲ್ಲ. ಅಡುಗೆಯವರು ರಾತ್ರಿ ಕೂತು ಎಲೆ ಎಣಿಸುತ್ತಾರೆ, ಆದರೆ ಉಂಡವರು ಕೈ ತೊಳೆದು ಹೋದ ಮೇಲೆ. ಇಲ್ಲಿ ಉಣ್ಣುವ ಮೊದಲೇ ತಲೆ ಎಣಿಸುತ್ತಾರೆ. ಛತ್ರದಲ್ಲಿ ಪಕ್ಕದ ಮನೆಯವರ ನೆಂಟರು ಬಂದರೂ "ಊಟ ಮಾಡ್ಕೊಂಡೇ ಹೋಗಿ" ಅನ್ನುತ್ತೇವೆ. ಇಲ್ಲಿ ಬಾಗಿಲಲ್ಲಿ ಒಬ್ಬ ಹುಡುಗ ಎಣಿಸುವ ಯಂತ್ರ ಹಿಡಿದು ಒಬ್ಬೊಬ್ಬರಿಗೂ ಟಿಕ್, ಟಿಕ್ ಅನ್ನಿಸುತ್ತಿದ್ದ. ನಮ್ಮತ್ತಿಗೆಗೂ ಒಂದು ಟಿಕ್. ಮದುಮಗಳ ತಾಯಿ!

ಟವರ್ ಬ್ರಿಡ್ಜ್ ಕಂಡಾಗ ಅತ್ತಿಗೆ, "ನಮಗೂ ಸೇತುವೆ ಎತ್ತುತ್ತಾರೇನೋ?" ಅಂದರು. 30 ಅಡಿಗಿಂತ ಎತ್ತರದ ಹಡಗಾದರೆ ಪುಕ್ಕಟೆ ಎತ್ತುತ್ತಾರೆ, ಆದರೆ ಒಂದು ದಿನ ಮೊದಲೇ ತಿಳಿಸಬೇಕು ಅಂದೆ. "ಎಲ್ಲಾ ಮೊದಲೇ ತಿಳಿಸಬೇಕಪ್ಪಾ ಇವರಿಗೆ" ಅಂದರು.

ದಡದಲ್ಲಿ ಬಿಟ್ಟು ಬಂದವರ ಸಿಟ್ಟನ್ನು ನಾನು ಆ ಟಿಕ್ ಹುಡುಗನ ಮೇಲೆ ತೀರಿಸಿಕೊಂಡೆ. ನಾಲ್ಕು ನಿಮಿಷ ಕಾದಿದ್ದರೆ ನದಿ ಬತ್ತುತ್ತಿತ್ತಾ ಅಂದೆ. ಅವನು ತಿರುಗಿ ರೇಗಲಿಲ್ಲ. ಬಾಗಿಲು ಮುಚ್ಚಿ, ಎಣಿಕೆ ಬರೆದ ಮೇಲೆ ಮತ್ತೆ ತೆಗೆಯುವಂತಿಲ್ಲ ಅಂದ. ಆಮೇಲೆ, "ಮಾರ್ಷನೆಸ್" ಅಂದು ಸುಮ್ಮನಾದ. ಇಲ್ಲಿಗೆ ಬಂದ ಹೊಸದರಲ್ಲಿ ಆ ಹೆಸರು ಕೇಳಿದ್ದೆ, ಮರೆತಿದ್ದೆ. 1989ರ ಆಗಸ್ಟ್ 20ರ ನಡುರಾತ್ರಿ ಕಳೆದ ಮೇಲೆ ಇದೇ ನದಿಯಲ್ಲಿ, ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿದ್ದ ಆ ಹೆಸರಿನ ಬೋಟಿಗೆ ಮರಳೆತ್ತುವ ಹಡಗೊಂದು ಗುದ್ದಿತು. 51 ಜನ ಸತ್ತರು. ಒಟ್ಟು ಎಷ್ಟು ಜನ ಹತ್ತಿದ್ದರೆಂಬುದೇ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಎಷ್ಟು ಜನರನ್ನು ಹುಡುಕಬೇಕೆಂದು ಹೇಗೆ ಗೊತ್ತಾಗಬೇಕು?

ನಾನು ಮೇಲಿನ ಡೆಕ್ಕಿಗೆ ಹೋದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮನಸ್ಸಿಲ್ಲದಿದ್ದರೂ. ಊರಲ್ಲಿ ಬೀಗರ ಕಡೆಯ ದೊಡ್ಡಪ್ಪನನ್ನು ಕಂಡಿದ್ದೆನಾದರೂ ಸ್ಟೇಜಿನ ಸಾಲಲ್ಲಿ ಒಂದು ನಮಸ್ಕಾರ, ಫೋಟೋಗೆ ಒಂದು ನಗು, ಅಷ್ಟೇ. ಬೋಟಿನಲ್ಲಿ ಉಂಡು ಓಡಲು ಯಾರಿಗೂ ದಾರಿಯಿಲ್ಲ. ನಾಲ್ಕು ಗಂಟೆ ಅವರ ಪಕ್ಕದಲ್ಲೇ ಕೂತಿದ್ದೆ. ಅವರು ಅಡಿಕೆ ತೋಟದ ಕೊಳೆ ರೋಗ ಹೇಳಿದರು, ನಾನು ಇಲ್ಲಿನ ಮಳೆ ಹೇಳಿದೆ. ನೆಂಟಸ್ತನ ಶುರುವಾದದ್ದು ಅವತ್ತೇ ಅನ್ನಬೇಕು.

ಇಳಿಯುವಾಗ ಹನ್ನೊಂದು. ಹತ್ತುವಾಗ ನದಿ ಇಳಿದಿತ್ತು. ತೇಲುಕಟ್ಟೆಗೆ ಹೋಗುವ ಇಳಿಜಾರಿನಲ್ಲಿ ಹೆಂಗಸರು ಸೀರೆ ನೆರಿಗೆ ಎತ್ತಿ ಹಿಡಿದು ಒಬ್ಬರನ್ನೊಬ್ಬರು ಹಿಡಿದುಕೊಂಡು ಬಂದಿದ್ದರು. ಈಗ ಭರತದ ನೀರು ತುಂಬಿ, ದಾರಿ ಜಗಲಿಯಷ್ಟು ಮಟ್ಟವಾಗಿತ್ತು.

ಅಣ್ಣನ ಸ್ನೇಹಿತರನ್ನು ಭಾನುವಾರ ಮನೆಗೆ ಊಟಕ್ಕೆ ಕರೆದೆವು. ಹನ್ನೆರಡೂವರೆಗೆ ಅಂದಿದ್ದೆವು, ಒಂದೂವರೆಗೆ ಬಂದರು, ಜೊತೆಗೆ ಹೇಳದೆ ಇನ್ನು ಮೂವರು. ನನ್ನ ಹೆಂಡತಿ ಸಾರಿಗೆ ಇನ್ನೊಂದು ಚೊಂಬು ನೀರು ಹಾಕಿದಳು.