ಅಂದರ್ ಆಟ, ಬಾಹರ್ ಕೇಸು

ನಮ್ಮ ಬಳ್ಳಾರಿ ಕಡೆ ಪೇಪರ್ ಓದುವವರಿಗೆ ಒಂದು ಸುದ್ದಿ ಬಾಯಿಪಾಠ. ಊರ ಹೊರಗೆ ಜಾಲಿ ಗಿಡದ ಕೆಳಗೆ ಟವೆಲ್ ಹಾಸಿಕೊಂಡು ನಾಲ್ಕು ಜನ ಅಂದರ್ ಬಾಹರ್ ಆಡುತ್ತಿದ್ದರು. ಖಚಿತ ಮಾಹಿತಿ ಮೇರೆಗೆ ದಾಳಿ. ನಗದು ಹಣ ಮತ್ತು 52 ಇಸ್ಪೀಟು ಎಲೆ ಜಪ್ತಿ. ಕರ್ನಾಟಕ ಪೊಲೀಸ್ ಕಾಯ್ದೆ, ಕಲಂ 87.

ಅದೇ 52 ಎಲೆಗಳನ್ನು ನಾನು ಮೊನ್ನೆ ಒಂದು ಸರ್ಕಾರಿ ಕಚೇರಿಯಲ್ಲಿ ಕಂಡೆ. ಟವೆಲ್ ಬದಲು ಕಂಪ್ಯೂಟರಿನ ಹಸಿರು ಪರದೆ. ಮೇಲೆ ಫ್ಯಾನು, ಪಕ್ಕದಲ್ಲಿ ಟೀ. ದಾಳಿಯೇನೂ ಆಗಲಿಲ್ಲ. ಪೊಲೀಸರು ಇರಲಿಲ್ಲ ಅಂತಲ್ಲ, ಒಬ್ಬರು ಇದ್ದರು. ಅವರೂ ನನ್ನ ಹಾಗೇ ಅರ್ಜಿ ಹಿಡಿದು ಸಾಲಲ್ಲಿ ನಿಂತಿದ್ದರು.

ನನ್ನ ಕೆಲಸ ಸಣ್ಣದು. ಪಹಣಿಯಲ್ಲಿ ಅಪ್ಪನ ಹೆಸರಿನ ಕೊನೆಯ 'ಪ್ಪ' ಹೋಗಿ 'ಣ್ಣ' ಆಗಿತ್ತು. ಅಂದರೆ ದಾಖಲೆ ಪ್ರಕಾರ ನನ್ನಪ್ಪ ನನಗೆ ಅಣ್ಣ. ಒಂದು ಒತ್ತಕ್ಷರ ಸರಿಮಾಡಿಸಲು ಬಿಸಿಲಲ್ಲಿ ಬಸ್ಸು ಹತ್ತಿ, ಉಗ್ಗಾಣಿ ಮಿರ್ಚಿ ತಿಂದು, ಹತ್ತೂವರೆಗೆ ಕೌಂಟರ್ ಮುಂದೆ ನಿಂತೆ.

"ಸರ್ವರ್ ಡೌನ್ ಐತೆ. ಕುಂದರ್ರಿ."

ಸರ್ವರ್ ಡೌನ್ ಆದರೆ ಈ ದೇಶದಲ್ಲಿ ಎಲ್ಲ ನಿಲ್ಲುತ್ತದೆ. ಪಹಣಿ ನಿಲ್ಲುತ್ತದೆ, ರೇಷನ್ ನಿಲ್ಲುತ್ತದೆ. ಒಬ್ಬರೇ ಕೂತು ಆಡುವ ಕಂಪ್ಯೂಟರಿನ ಇಸ್ಪೀಟಾಟ, ಸಾಲಿಟೇರ್, ಅದೊಂದು ನಿಲ್ಲುವುದಿಲ್ಲ. ಅದಕ್ಕೆ ಸರ್ವರ್ ಬೇಡ, ಲಾಗಿನ್ ಬೇಡ, ಒಟಿಪಿ ಬೇಡ. ಕಚೇರಿಯ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ 7. ತಯಾರಿಸಿದ ಕಂಪನಿಯೇ 2020ರ ಜನವರಿಯಲ್ಲಿ ಅದರ ಕೈ ಬಿಟ್ಟಿದೆ. ಆದರೆ ಎಲೆಗಳು ಮಾತ್ರ ಬೆಣ್ಣೆಯ ಹಾಗೆ ಸರಿಯುತ್ತಿದ್ದವು.

ಈ ಆಟಕ್ಕೆ ದೊಡ್ಡ ಇತಿಹಾಸ ಇದೆ. ಇದು ಕಂಪ್ಯೂಟರಿನ ಜೊತೆ ಪುಕ್ಕಟೆ ಬಂದದ್ದು 1990ರಲ್ಲಿ, ವಿಂಡೋಸ್ 3.0 ಕಾಲಕ್ಕೆ. ಬರೆದವನು ವೆಸ್ ಚೆರಿ ಅನ್ನುವ ಇಂಟರ್ನ್. ಜಗತ್ತಿನ ಗುಮಾಸ್ತರನ್ನೆಲ್ಲ ಕಟ್ಟಿಹಾಕಿದ ಆಟಕ್ಕೆ ಅವನಿಗೆ ರಾಯಲ್ಟಿ ಅಂತ ಒಂದು ಪೈಸೆ ಸಿಗಲಿಲ್ಲ. ಜನಕ್ಕೆ ಮೌಸ್ ಹಿಡಿದು ಎಳೆಯುವುದು, ಬಿಡುವುದು ರೂಢಿಯಾಗಲಿ ಅಂತ ಇದನ್ನು ಇಟ್ಟರು ಎನ್ನುತ್ತಾರೆ. ಹಾಗಾದರೆ ನಮ್ಮ ಗುಮಾಸ್ತರು ಆಡುತ್ತಿಲ್ಲ, ತರಬೇತಿಯಲ್ಲಿದ್ದಾರೆ. ಮೂವತ್ತು ವರ್ಷ ದಾಟಿತು, ಇನ್ನೂ ಮುಗಿದಿಲ್ಲ ಅಷ್ಟೆ.

ಆ ಹುಡುಗ ಮೊದಲು ಆಟದಲ್ಲಿ ಒಂದು ಗುಟ್ಟಿನ ಕೀಲಿ ಇಟ್ಟಿದ್ದ. ಬಾಸ್ ಬಂದಾಗ ಒತ್ತಿದರೆ ಎಲೆಗಳ ಮೇಲೆ ಸುಳ್ಳು ಲೆಕ್ಕದ ಹಾಳೆ ಮೂಡುತ್ತಿತ್ತು. ಕಂಪನಿ ಅದನ್ನು ತೆಗೆಸಿತು. ನಮ್ಮ ಕಚೇರಿಗೆ ಆ ಕೀಲಿಯ ಅಗತ್ಯವೇ ಇರಲಿಲ್ಲ ಬಿಡಿ. ಸಾಹೇಬರು ಒಳಗೆ ಮೈನ್‌ಸ್ವೀಪರ್ ಆಡುತ್ತಾರೆ ಅಂತ ಜವಾನ ಹೆಮ್ಮೆಯಿಂದ ಹೇಳಿದ. ಚೌಕಗಳ ಕೆಳಗೆ ಅಡಗಿದ ಮೈನು ಮುಟ್ಟದೆ ದಾಟುವ ಆಟ ಅದು. ಅದೂ ದೊಡ್ಡ ಲೆವೆಲ್ಲು, 99 ಮೈನಿನದು. ನಮ್ಮ ಜಿಲ್ಲೆಗೆ ಬರುವ ಅಧಿಕಾರಿಗೆ ಅದಕ್ಕಿಂತ ಒಳ್ಳೆ ತರಬೇತಿ ಇಲ್ಲ. ಮೈನ್ ಎಲ್ಲಿದೆ ಅಂತ ಗೊತ್ತಾದ ಕೂಡಲೇ ಅಲ್ಲಿ ಕೈ ಹಾಕಬಾರದು. ಸುಮ್ನೆ ಒಂದು ಬಾವುಟ ನೆಟ್ಟು ಮುಂದೆ ಹೋಗಬೇಕು.

ಹನ್ನೊಂದಕ್ಕೆ ನನಗೆ ಸಿಟ್ಟಿತ್ತು. ಹನ್ನೊಂದೂ ಕಾಲಿಗೆ ಕುತ್ತಿಗೆ ಕೌಂಟರ್ ಒಳಗೆ ಹೋಗಿತ್ತು. ಹನ್ನೊಂದೂವರೆಗೆ ಬಾಯಿ ತಡೆಯಲಾಗಲಿಲ್ಲ.

"ಸಾರ್, ಆ ಕಳಾವರ ಎಂಟರ ಮ್ಯಾಲೆ ಆಟೀನು ಏಳು ಹಾಕ್ರಿ."

ಅವರು ತಿರುಗಿ ನೋಡಿದರು. ಬೈತಾರೆ ಅಂದುಕೊಂಡೆ. "ಹಾಕಿದ್ರೆ ಆ ಮೂಲ್ಯಾಗಿನ ಗುಲಾಮ ಬರಂಗಿಲ್ಲಲ್ರೀ" ಅಂದರು. ಹಿಂದಿನಿಂದ ಪೊಲೀಸಪ್ಪ, "ಮೊದ್ಲು ಎಕ್ಕ ತೆಗೀರಿ, ಎಕ್ಕ" ಅಂದರು. ಕಲಂ 87ರಲ್ಲಿ ಅವರಿಗೆ ಒಳ್ಳೆ ಅನುಭವ ಇದ್ದಂತಿತ್ತು.

ಈ ಆಟದ ಕಳ್ಳತನ ಏನು ಗೊತ್ತಾ? ಶುರುವಾದಾಗ ಏಳು ಸಾಲಲ್ಲಿ 28 ಎಲೆ. ಮುಖ ಕಾಣುವುದು ಏಳರದ್ದು. ಉಳಿದ 21 ಕವುಚಿ ಮಲಗಿರುತ್ತವೆ. ಒಂದು ಎತ್ತಿದರೆ ಅದರ ಕೆಳಗಿನದು ಏನಿರಬಹುದು ಅಂತ ಕೈ ತುರಿಸುತ್ತದೆ. ಕೆಲವು ಆಟಗಳನ್ನು ಬ್ರಹ್ಮ ಬಂದರೂ ಗೆಲ್ಲಲಾಗುವುದಿಲ್ಲ, ಎಲೆ ಬಿದ್ದಾಗಲೇ ಹಣೆಬರಹ ಬರೆದಿರುತ್ತದೆ. ನಮ್ಮದು ಅಂಥದ್ದೋ ಅಲ್ಲವೋ, ಅದು ಮಾತ್ರ ಕೊನೆವರೆಗೂ ತಿಳಿಯುವುದಿಲ್ಲ. ಸರ್ಕಾರಿ ಕಚೇರಿಗೆ ಫೈಲು ಕೊಟ್ಟು ಕಾದವರಿಗೆ ಇದು ಹೊಸದೇನಲ್ಲ. ಅದಕ್ಕೇ ನಮಗೆಲ್ಲ ಇಷ್ಟು ಬೇಗ ಹಿಡಿಸಿತು ಅಂತ ಕಾಣುತ್ತದೆ. ಇನ್ನೊಂದು ನಿಯಮ ಇದೆ. ಯಾವುದಾದರೂ ಸಾಲು ಖಾಲಿಯಾದರೆ ಆ ಜಾಗಕ್ಕೆ ರಾಜ ಮಾತ್ರ ಬರಬಹುದು, ಬೇರೆ ಯಾರೂ ಕಾಲಿಡುವ ಹಾಗಿಲ್ಲ. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೈಮ್ ಹಚ್ಚಿ ಆಡಿದರೆ ಪ್ರತಿ 10 ಸೆಕೆಂಡಿಗೆ 2 ಅಂಕ ಕಟ್ ಆಗುತ್ತದೆ. ಕಾಯುತ್ತಾ ಲೆಕ್ಕ ಹಾಕಿದೆ, ದಿನಕ್ಕೆ 17,280. ನಮ್ಮ 2011ರ ಸಕಾಲ ಕಾಯ್ದೆಯಲ್ಲೂ ತಡ ಮಾಡಿದ ನೌಕರನಿಗೆ ದಂಡ ಇದೆ. ದಿನಕ್ಕೆ 20 ರೂಪಾಯಿ. ಎಷ್ಟೇ ತಡವಾದರೂ 500ರ ಮೇಲೆ ಹೋಗುವುದಿಲ್ಲ. ಯಾವ ದಂಡಕ್ಕೆ ಗುಮಾಸ್ತರು ಹೆದರುತ್ತಿದ್ದರು ಅಂತ ನಾನೇ ಕಣ್ಣಾರೆ ನೋಡಿದೆ. ಅಂಕ ಇಳಿದ ಹಾಗೆ ಅವರ ಕಾಲು ಕುಣಿಯುತ್ತಿತ್ತು. ಎಲೆ ತಪ್ಪಿ ಬಿದ್ದರೆ ಅನ್‌ಡೂ ಒತ್ತುತ್ತಿದ್ದರು, ಕಣ್ಣು ಮಿಟುಕಿಸುವುದರಲ್ಲಿ ವಾಪಸ್. ಅಪ್ಪನ ಒತ್ತಕ್ಷರಕ್ಕೆ ಅರ್ಜಿ, ಅಫಿಡವಿಟ್ಟು, ಎರಡು ಫೋಟೋ.

ಮೂರು ಗಂಟೆ ಹೊತ್ತಿಗೆ ಗೆದ್ದೆವು. ಹೌದು, ಗೆದ್ದೆವು. ಎಲೆಗಳು ಒಂದೊಂದೇ ಹಾರಿ, ಪುಟಿದು, ಪರದೆ ತುಂಬಾ ಚೆಲ್ಲಿದವು. ಸಿರುಗುಪ್ಪದಿಂದ ಬಂದಿದ್ದ ಅಜ್ಜಿಯೊಬ್ಬಳು ಚಪ್ಪಾಳೆ ಹೊಡೆದಳು. ಆಕೆ ವಿಧವಾ ಪಿಂಚಣಿಗೆ ಮೂರನೇ ಸಲ ಬಂದವಳು. ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುವುದು ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು.

ಐದೂಕಾಲಿಗೆ "ನಾಳೆ ಬರ್ರಿ" ಅಂದರು. ಹೋದೆ. ಒಂಬತ್ತೂಮುಕ್ಕಾಲಿಗೇ ಹೋದೆ, ಕೌಂಟರ್ ಪಕ್ಕದ ಜಾಗ ಸಿಗಲಿ ಅಂತ. ಪೊಲೀಸಪ್ಪ ಆಗಲೇ ಅಲ್ಲಿ ನಿಂತಿದ್ದರು.

ಮೂರನೇ ದಿನ ಅನಾಹುತ ಆಯಿತು. ಗುಮಾಸ್ತರು ತಲೆ ಎತ್ತಿ, ಯಾರೋ ಸತ್ತ ಸುದ್ದಿ ಹೇಳುವವರ ಹಾಗೆ, "ಸರ್ವರ್ ಬಂತು" ಅಂದರು. ಸಾಲಲ್ಲಿ ಒಬ್ಬರೂ ಮಾತಾಡಲಿಲ್ಲ. ಪೊಲೀಸಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಟ ಅರ್ಧಕ್ಕೇ ನಿಂತಿತ್ತು, ಇಸ್ಪೀಟು ರಾಣಿ ಒಂದು ಬಿದ್ದಿದ್ದರೆ ಸಾಕಿತ್ತು.

ನನ್ನ ಕೆಲಸ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಪ್ರಿಂಟ್ ಇನ್ನೂ ಬೆಚ್ಚಗಿತ್ತು. ತೆಗೆದು ನೋಡಿದೆ. 'ಣ್ಣ' ಹೋಗಿತ್ತು, ನಿಜ. ಅದರ ಜಾಗದಲ್ಲಿ 'ಮ್ಮ' ಕೂತಿತ್ತು.

"ಅಯ್ಯೋ, ಮತ್ತೆ ಅರ್ಜಿ ಕೊಡ್ಬೇಕಾಗ್ತದಲ್ರೀ" ಅಂದರು ಗುಮಾಸ್ತರು.

"ಕೊಡೋಣ ಬಿಡ್ರಿ" ಅಂದೆ. "ಆ ರಾಣಿ ಸಿಕ್ಕಳಾ?"