ತಿರುಚ್ಚಿಯ ತಪ್ಪಿಗೆ ಸೋಗಾನೆಯಲ್ಲಿ ಶಿಕ್ಷೆ

ಸೋಗಾನೆ ಅಂದ ಕೂಡಲೇ ಶಿವಮೊಗ್ಗದವರಿಗೆ ಬಹಳ ವರ್ಷ ನೆನಪಾಗುತ್ತಿದ್ದದ್ದು ಸೆಂಟ್ರಲ್ ಜೈಲು. ಯಾರಾದರೂ "ಅವನು ಸೋಗಾನೆಗೆ ಹೋಗಿದ್ದಾನೆ" ಅಂದರೆ, ಕೇಳಿದವರು ದನಿ ತಗ್ಗಿಸಿ "ಎಷ್ಟು ವರ್ಷ?" ಅಂತ ವಿಚಾರಿಸುತ್ತಿದ್ದರು. 2023ರ ಫೆಬ್ರವರಿ 27ಕ್ಕೆ ಅದೇ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಆಮೇಲೆ ಸೋಗಾನೆಗೆ ಹೋಗುತ್ತೇನೆ ಅಂತ ದೊಡ್ಡ ದನಿಯಲ್ಲಿ ಹೇಳಿಕೊಳ್ಳುವ ಹಾಗಾಯಿತು. ಎರಡೂ ಕಡೆ ಒಳಗೆ ಬಿಡುವ ಮೊದಲು ಬೆಲ್ಟ್ ಬಿಚ್ಚಿಸಿ ಜೇಬು ತಡಕುತ್ತಾರೆ. ವ್ಯತ್ಯಾಸ ಇಷ್ಟೇ, ಜೈಲಿನಲ್ಲಿ ಬಿಡುಗಡೆ ಯಾವತ್ತು ಅಂತ ಮೊದಲೇ ಹೇಳಿರುತ್ತಾರೆ.

ನಿಲ್ದಾಣ ನೋಡಲು ಚೆಂದ. ಟರ್ಮಿನಲ್ ಕಟ್ಟಡಕ್ಕೆ ಕಮಲದ ಆಕಾರ. ರನ್‌ವೇ 3,200 ಮೀಟರ್, ನಮ್ಮ ರಾಜ್ಯದಲ್ಲಿ ಬೆಂಗಳೂರನ್ನು ಬಿಟ್ಟರೆ ಇದೇ ಉದ್ದ. ನಾವು ಹೊರಟಿದ್ದದ್ದು ಎರಡು ರೆಕ್ಕೆಗೆ ಎರಡು ಫ್ಯಾನ್ ಇರುವ ಎಟಿಆರ್ ವಿಮಾನದಲ್ಲಿ. ಅದಕ್ಕೆ ಈ ರನ್‌ವೇಯ ಅರ್ಧವೂ ಬೇಡ. ಉಳಿದ ಅರ್ಧ ನಮ್ಮ ಅಭಿಮಾನಕ್ಕೆ ಇರಲಿ ಬಿಡಿ.

ನಿಲ್ದಾಣ ಇನ್ನೂ ಹೊಸತು. ಜನವರಿ ತಿಂಗಳು. ಬೆಂಗಳೂರಿನಲ್ಲಿ ಚಿಕ್ಕಪ್ಪನ ಮೊಮ್ಮಗಳ ನಿಶ್ಚಿತಾರ್ಥ, ಸಂಜೆ ಐದೂವರೆಗೆ ಮುಹೂರ್ತ. ಜೊತೆಗೆ ಬಂದವರು ನಮ್ಮ ಭಾವ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಅವರದು. ಭಾವನಿಗೆ ಒಂದು ಸ್ವಭಾವವಿದೆ. ಏನೇ ಎಡವಟ್ಟಾದರೂ ಅದಕ್ಕೆ ಒಬ್ಬ ಅಪರಾಧಿ ಸಿಗಲೇಬೇಕು. ತೋಟಕ್ಕೆ ಕೊಳೆ ರೋಗ ಬಂದರೆ ಮಳೆಯನ್ನು ಅವರು ಬೈಯುವುದಿಲ್ಲ. ಬೋರ್ಡೋ ಔಷಧಿ ಹೊಡೆಯಲು ಎರಡು ದಿನ ತಡವಾಗಿ ಬಂದವನು ಯಾರು, ಅವನನ್ನು ತಡಮಾಡಿಸಿದ ನೆಂಟರು ಯಾರು, ಆ ನೆಂಟರಿಗೆ ಕೋಳಿ ಕೊಟ್ಟವರು ಯಾರು ಎನ್ನುವವರೆಗೆ ತನಿಖೆ ಮಾಡುತ್ತಾರೆ. ಇಂಥವರನ್ನು ತಡವಾದ ವಿಮಾನದ ಎದುರು ಕೂರಿಸಿದರೆ ಏನಾಗಬೇಕು ಹೇಳಿ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೊರಡಬೇಕಿದ್ದ ವಿಮಾನ ಅದು. ಮೊದಲು ಅರ್ಧ ಗಂಟೆ ತಡ ಅಂತ ಮೆಸೇಜ್ ಬಂತು. ಅದು ಮುಗಿಯುವುದರೊಳಗೆ ಇನ್ನೊಂದು ಅರ್ಧ ಗಂಟೆ. ಕಾರಣ ಕೇಳಿದರೆ "ಕಾರ್ಯಾಚರಣೆಯ ಕಾರಣಗಳು". ವಿಮಾನ ತಡವಾಗಿದ್ದಕ್ಕೆ ಭಾವನಿಗೆ ಅಷ್ಟು ಬೇಜಾರಿರಲಿಲ್ಲ. ಈ ಕಂತಿನ ಲೆಕ್ಕಕ್ಕೇ ಅವರು ಕೆರಳಿದ್ದು. "ಮೂರು ಗಂಟೆ ಅಂತ ಒಂದೇ ಸಲ ಹೇಳಿದ್ದರೆ ಶಿವಮೊಗ್ಗಕ್ಕೆ ವಾಪಸ್ ಹೋಗಿ ಅಡಿಕೆ ಮಂಡಿಯಲ್ಲಿ ರೇಟ್ ಕೇಳಿಕೊಂಡು ಬರ್ತಿದ್ದೆ ಮಾರಾಯ" ಅಂದರು. ನನಗೂ ಅದು ನ್ಯಾಯ ಅನ್ನಿಸಿತು.

ದೂರದ ಸಂಬಂಧದ ಹುಡುಗನೊಬ್ಬ ಇನ್ನೊಂದು ಊರಿನ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಸ್ಟಾಫ್ ಆಗಿದ್ದಾನೆ. ಭಾವ ಅವನಿಗೇ ಫೋನ್ ಹಚ್ಚಿದರು. ಸ್ಪೀಕರ್ ಆನ್. ಅಕ್ಕಪಕ್ಕದ ಎರಡು ಸಾಲಿನವರಿಗೆ ಉಚಿತ ಉಪನ್ಯಾಸ.

ಹುಡುಗ ಹೇಳಿದ್ದು ನನಗೆ ಹೊಸ ವಿಷಯ. ವಿಮಾನ ತಡವಾದರೆ ಸುಮ್ನೆ "ತಡವಾಯಿತು" ಅಂತ ಬರೆದು ಬಿಡುವ ಹಾಗಿಲ್ಲವಂತೆ. ಯಾಕೆ ಅಂತ ನಮೂದಿಸಲು ಎರಡಂಕಿಯ ಕೋಡ್‌ಗಳಿವೆ. ವಿಮಾನ ಕಂಪನಿಗಳ ಜಾಗತಿಕ ಸಂಘ ಐಎಟಿಎ ಮಾಡಿದ ಪಟ್ಟಿ. ಚೆಕ್-ಇನ್‌ಗೆ ಜನ ತಡವಾಗಿ ಬಂದರೆ 11. ಚೆಕ್-ಇನ್ ಮಾಡಿದವರು ಗೇಟಿನ ಹತ್ತಿರ ಪತ್ತೆ ಇಲ್ಲದಿದ್ದರೆ 15. ಯಂತ್ರ ಕೆಟ್ಟರೆ 41. ಹೊರಡುವ ಊರಿನಲ್ಲಿ ಹವಾಮಾನ ಸರಿಯಿಲ್ಲದಿದ್ದರೆ 71, ಇಳಿಯುವ ಊರಿನಲ್ಲಿ ಸರಿಯಿಲ್ಲದಿದ್ದರೆ 72. ಮೇಲಿನ ಯಾವುದೂ ಅಲ್ಲದಿದ್ದರೆ 99. ಸರ್ಕಾರಿ ಕಚೇರಿಯಲ್ಲಿ "ಇತರೆ" ಅಂತ ಒಂದು ಫೈಲು ಇರುತ್ತದಲ್ಲ, ಅದು.

"ನಮ್ಮದು ಯಾವುದು?" ಭಾವ ಕೇಳಿದರು.

"93 ಇರಬೇಕು ದೊಡ್ಡಪ್ಪ. ಬೇರೆ ಕಡೆಯಿಂದ ಬರಬೇಕಾದ ವಿಮಾನವೇ ತಡ."

"ಬೇರೆ ಕಡೆ ಅಂದ್ರೆ ಎಲ್ಲಿ?"

ಅದಕ್ಕೆ ಉತ್ತರ ಕೊಟ್ಟವನು ನಮ್ಮ ಹಿಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗ. ಮೊಬೈಲಿನಲ್ಲಿ ವಿಮಾನಗಳ ನಕ್ಷೆ ತೆರೆದಿಟ್ಟುಕೊಂಡಿದ್ದ. ನಮ್ಮನ್ನು ಕರೆದುಕೊಂಡು ಹೋಗಬೇಕಾದ ವಿಮಾನ ಬೆಳಿಗ್ಗೆ ಬೆಂಗಳೂರಿನಿಂದ ತಿರುಚ್ಚಿಗೆ ಹೊರಡಬೇಕಿತ್ತು. ಜನವರಿಯ ಮಂಜಿನಿಂದ ಬೆಂಗಳೂರು ಬಿಡುವುದೇ ತಡವಾಯಿತು. ತಿರುಚ್ಚಿಯಲ್ಲಿ ಇನ್ನಷ್ಟು ತಡವಾಯಿತು. ಅಲ್ಲಿಂದ ಬೆಂಗಳೂರಿಗೆ ಬಂದು, ಆಮೇಲೆ ನಮ್ಮಲ್ಲಿಗೆ.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಿರುಚ್ಚಿಗೂ ನಮಗೂ ಎಂತ ಸಂಬಂಧ? ಕಾವೇರಿ ವಿಷಯ ಮಂಡ್ಯದವರು ನೋಡ್ಕೊಳ್ತಾರೆ. ನಮ್ಮ ತುಂಗೆ ಆ ಕಡೆ ತಲೆ ಹಾಕಿಯೂ ಮಲಗೋದಿಲ್ಲ" ಅಂದರು.

ಸಂಬಂಧ ಇಷ್ಟೇ. ಒಂದು ವಿಮಾನ ದಿನಕ್ಕೆ ಒಂದೇ ಊರಿಗೆ ಹೋಗಿ ಮಲಗುವುದಿಲ್ಲ. ಬೆಳಗಿನಿಂದ ರಾತ್ರಿವರೆಗೆ ಐದಾರು ಸಲ ಹಾರುತ್ತದೆ. ನಮ್ಮ ಹಳ್ಳಿ ಬಸ್ಸಿನ ಹಾಗೆಯೇ. ಹೊಸನಗರದಲ್ಲಿ ರಾತ್ರಿ ನಿಂತ ಬಸ್ಸು ಬೆಳಿಗ್ಗೆ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ, ಮತ್ತೆ ಶಿವಮೊಗ್ಗ ಅಂತ ಸುತ್ತುತ್ತಿರುತ್ತದೆ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಟೈರ್ ಪಂಕ್ಚರ್ ಆದರೆ ಸಂಜೆಯ ಟ್ರಿಪ್ಪಿನ ಶಾಲೆ ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಜಗಳ ಆಡುತ್ತಾರೆ. ಪಂಕ್ಚರ್ ನೋಡಿದವರು ಒಬ್ಬರೂ ಅಲ್ಲಿರುವುದಿಲ್ಲ. ವಿಮಾನಯಾನ ನಿರ್ದೇಶನಾಲಯ ಪ್ರತಿ ತಿಂಗಳು ಹೊರಡಿಸುವ ವರದಿಯಲ್ಲೂ ತಡಕ್ಕೆ ಕಾರಣ ಅಂತ ದೊಡ್ಡ ಪಾಲು ಬರೆದಿರುವುದು ಇದನ್ನೇ. ತಡದಿಂದ ಹುಟ್ಟಿದ ತಡ.

ಆದರೆ ಬಸ್ಸಿನ ಕಂಡಕ್ಟರ್ ಒಂದು ಕೆಲಸ ಮಾಡುತ್ತಾನೆ. "ಮಂಡಗದ್ದೆ ಹತ್ರ ಮರ ಬಿದ್ದಿತ್ತು ಮಾರಾಯ್ರೆ" ಅಂತ ಬಾಗಿಲಲ್ಲೇ ಹೇಳುತ್ತಾನೆ. ಅಷ್ಟು ಕೇಳಿದ ಮೇಲೆ ಜನರ ಸಿಟ್ಟು ಕಂಡಕ್ಟರನ್ನು ಬಿಟ್ಟು ಮರದ ಕಡೆ, ಮರ ಕಡಿಯದ ಇಲಾಖೆಯ ಕಡೆ ತಿರುಗುತ್ತದೆ. ಹೊತ್ತು ಹೋಗುತ್ತದೆ. "ಕಾರ್ಯಾಚರಣೆಯ ಕಾರಣ" ಅಂದರೆ ಯಾವ ಮರವನ್ನು ಬೈಯಬೇಕು ನಾವು?

ಅಂದು ನಮಗೆ ಇನ್ನೊಂದು ಭಯವೂ ಇತ್ತು. ಆಗ ಸೋಗಾನೆಯಲ್ಲಿ ರಾತ್ರಿ ವಿಮಾನ ಇಳಿಸುವ ವ್ಯವಸ್ಥೆ ಇರಲಿಲ್ಲ. ಮಂಜಿನಲ್ಲಿ ಪೈಲಟ್‌ಗೆ ರನ್‌ವೇಯ ದಾರಿ ತೋರಿಸುವ ರೇಡಿಯೊ ಉಪಕರಣವೂ ಇರಲಿಲ್ಲ. ಹಗಲಿನಲ್ಲಿ, ಕಣ್ಣಿಗೆ ಕಾಣುವಾಗ ಮಾತ್ರ ಇಳಿಯಬೇಕು. ಕಾಣುವುದು ಅಂದರೆ ಸಾಮಾನ್ಯವಾಗಿ ಐದು ಕಿಲೋಮೀಟರ್ ದೂರದವರೆಗೆ ಕಾಣಬೇಕು ಅನ್ನುತ್ತದೆ ನಿಯಮ. ಮಲೆನಾಡಿನಲ್ಲಿ ಐದು ಕಿಲೋಮೀಟರ್! ಆಷಾಢದಲ್ಲಿ ನಮಗೆ ನಮ್ಮ ಅಂಗಳದ ತುಳಸಿಕಟ್ಟೆ ಕಂಡರೆ ಅದೇ ಪುಣ್ಯ. ಪಕ್ಕದ ಮನೆಯವರಿಗೆ ಮಾತ್ರ ಯಾವ ಕಾಲದಲ್ಲೂ ನಮ್ಮ ಮನೆಯ ವಿಸಿಬಿಲಿಟಿ ಕಮ್ಮಿಯಾಗಿದ್ದು ನಾನು ಕಂಡಿಲ್ಲ.

ಬೆಂಗಳೂರಿನಲ್ಲಿ ಮಂಜಿಗೆಂದೇ ಒಳ್ಳೆಯ ಉಪಕರಣ ಹಾಕಿದ್ದಾರೆ. ಆದರೆ ರನ್‌ವೇ ಒಂದು ಸಜ್ಜಾಗಿದ್ದರೆ ಸಾಲದು. ವಿಮಾನದಲ್ಲೂ ಅದಕ್ಕೆ ತಕ್ಕ ಯಂತ್ರ ಇರಬೇಕು, ಪೈಲಟ್‌ಗೂ ಅದರ ತರಬೇತಿ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಕೂತು ಕಾಯುವುದೇ. ಇದರಲ್ಲಿ ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ಕಾಣದೆ ಇಳಿಸಿ ಅಂತ ಹೇಳುವಷ್ಟು ಆತುರದ ನಿಶ್ಚಿತಾರ್ಥ ಇನ್ನೂ ನಮ್ಮ ವಂಶದಲ್ಲಿ ನಡೆದಿಲ್ಲ.

ಹಾಗಾದರೆ ತಪ್ಪು ಯಾರದು? ನನ್ನ ಬೆರಳು ಟೈಮ್‌ಟೇಬಲ್ ಬರೆಯುವವರ ಕಡೆ ತೋರಿಸುತ್ತದೆ. ವಿಮಾನ ನೆಲದ ಮೇಲೆ ನಿಂತರೆ ಕಂಪನಿಗೆ ನಷ್ಟ. ಅದಕ್ಕೆ ಇಳಿದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಮತ್ತೆ ಹಾರಬೇಕು ಅಂತ ಬರೆಯುತ್ತಾರೆ. ಅಷ್ಟರಲ್ಲಿ ಎಪ್ಪತ್ತು ಚಿಲ್ಲರೆ ಜನ ಇಳಿಯಬೇಕು, ಅಷ್ಟೇ ಜನ ಹತ್ತಬೇಕು, ಸಾಮಾನು ಬದಲಾಗಬೇಕು, ಗುಡಿಸಬೇಕು. ನಮ್ಮ ಕಡೆಯ ಒಬ್ಬ ಅಜ್ಜಿ ಮೇಲಿನಿಂದ ಬ್ಯಾಗ್ ಇಳಿಸಿಕೊಂಡು, ಗಗನಸಖಿಗೆ "ಬರ್ತೀನಿ ಮಗಾ, ನಮ್ಮನೆ ಕಡೆ ಬಾ" ಅಂತ ಹೇಳಿ ಹೊರಡಲಿಕ್ಕೇ ಅದರಲ್ಲಿ ಐದು ನಿಮಿಷ ಬೇಕು. ಇಡೀ ವರ್ಷ ಮಂಜು ಬೀಳುವುದಿಲ್ಲ, ಮಳೆ ಬರುವುದಿಲ್ಲ, ಅಜ್ಜಿಯಂದಿರು ಪ್ರಯಾಣ ಮಾಡುವುದಿಲ್ಲ ಅಂದುಕೊಂಡು ಬರೆದ ಟೈಮ್‌ಟೇಬಲ್ ಅದು. ಮಂಜು ಪ್ರತಿ ಜನವರಿಯಲ್ಲೂ ಬರುತ್ತದೆ, ತಿಳಿಸಿಯೇ ಬರುತ್ತದೆ. ಅದನ್ನು ಪ್ರತಿ ವರ್ಷ ಅನಿರೀಕ್ಷಿತ ಅತಿಥಿ ಅನ್ನುವುದು ಯಾಕೋ ಸರಿ ಕಾಣುವುದಿಲ್ಲ.

ಹಾರಾಟದ ಸಮಯದಲ್ಲಿ ಮಾತ್ರ ಇವರು ಧಾರಾಳಿಗಳು. ಗಾಳಿಯಲ್ಲಿ ಬೇಕಾಗುವ ಹೊತ್ತಿಗಿಂತ ಸ್ವಲ್ಪ ಜಾಸ್ತಿಯೇ ಬರೆದಿಟ್ಟುಕೊಂಡಿರುತ್ತಾರೆ. ಕೆಲವು ಸಲ ತಡವಾಗಿ ಹೊರಟ ವಿಮಾನವೂ ಸರಿಯಾದ ಸಮಯಕ್ಕೆ ತಲುಪಿ ಬೀಗುವುದು ಹೀಗೆ. ಮೇಲಿಂದ 15 ನಿಮಿಷದೊಳಗಿನ ತಡ ಲೆಕ್ಕಕ್ಕೇ ಇಲ್ಲ.

ಪೈಲಟ್‌ಗಳನ್ನು ಬೈಯುವವರೂ ಇದ್ದಾರೆ. ಅವರ ಡ್ಯೂಟಿಗೆ ಗಂಟೆಯ ಮಿತಿ ಇದೆ. ತಡದ ಮೇಲೆ ತಡವಾಗಿ ಆ ಮಿತಿ ಮುಗಿದರೆ, ವಿಮಾನ ಎದುರಿಗೇ ನಿಂತಿದ್ದರೂ ಓಡಿಸುವ ಹಾಗಿಲ್ಲ. 2025ರ ಡಿಸೆಂಬರ್‌ನಲ್ಲಿ ಇದರ ದೊಡ್ಡ ಪ್ರದರ್ಶನವೇ ಆಯಿತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ ನಿಯಮಕ್ಕೆ ದೇಶದ ಅತಿ ದೊಡ್ಡ ವಿಮಾನ ಕಂಪನಿ ಸಾಕಷ್ಟು ತಯಾರಾಗಿರಲಿಲ್ಲ. ಸಾವಿರಾರು ವಿಮಾನ ರದ್ದಾದವು. ಟಿವಿ ನೋಡುತ್ತ ಭಾವ ಹೇಳಿದ್ದು ಒಂದೇ ಮಾತು: "ಕೊನೆಗಾರ ನಿದ್ದೆ ಇಲ್ಲದೆ ಮರ ಹತ್ತಿದರೆ ನಾನೇ ಇಳಿಸ್ತೀನಿ. ಇವರು ಎಷ್ಟು ಎತ್ತರ ಹತ್ತುತ್ತಾರೆ!"

ಸರಿ, ಸೋಗಾನೆಗೆ ಬರೋಣ. ಒಂದೂವರೆ ಆಗುವಷ್ಟರಲ್ಲಿ ಜನ ಕೌಂಟರಿಗೆ ಮುತ್ತಿಗೆ ಹಾಕಿದ್ದರು. ಅಲ್ಲಿದ್ದದ್ದು ಒಬ್ಬಳೇ ಹುಡುಗಿ. ಬೆಂಗಳೂರಿನ ಮಂಜು, ತಿರುಚ್ಚಿಯ ತಡ, ಟೈಮ್‌ಟೇಬಲ್ ಬರೆದ ಮಹಾನುಭಾವ, ಇಷ್ಟೂ ಜನರ ಪರವಾಗಿ ಅವಳೊಬ್ಬಳೇ ಬೈಗುಳ ತಿನ್ನುತ್ತಿದ್ದಳು. ಎಲ್ಲರಿಗಿಂತ ದೊಡ್ಡ ದನಿ ನೀಲಿ ಕೋಟಿನ ಒಬ್ಬರದು. ಸಮಯದ ಬೆಲೆ ಏನು ಗೊತ್ತಾ, ಒಂದು ನಿಮಿಷ ತಡವಾದರೆ ನನಗೆ ಎಷ್ಟು ನಷ್ಟ ಗೊತ್ತಾ ಅಂತ ಪಾಠ ಮಾಡುತ್ತಿದ್ದರು.

ಭಾವ ಜನರನ್ನು ಸರಿಸಿಕೊಂಡು ಮುಂದೆ ಹೋದರು. ಇನ್ನು ಮಹಾಭಾರತ ಶುರು ಅಂತ ನಾನು ಎದ್ದು ನಿಂತೆ. ಅವರು ಕೇಳಿದ್ದು, "ಯಾವ ಊರಾಯ್ತಮ್ಮ?" ಕೊಪ್ಪದ ಹತ್ತಿರ ಅಂದಳು. "ಯಾರ ಮನೆ?" ಹೇಳಿದಳು. ಐದು ನಿಮಿಷದಲ್ಲಿ ಅವಳ ಅಜ್ಜನ ಮನೆಗೂ ಭಾವನ ಅತ್ತಿಗೆಯ ತವರಿಗೂ ಬೇಲಿ ಒಂದೇ ಅಂತ ಪತ್ತೆಯಾಯಿತು. ಅಲ್ಲಿಂದ ಮುಂದೆ ಯಾರು ಅವಳ ಮೇಲೆ ರೇಗಿದರೂ ಭಾವನೇ ಉತ್ತರ ಕೊಡತೊಡಗಿದರು. "93 ರೀ, 93! ಆ ಹುಡುಗಿ ಎಂತ ಮಾಡಕ್ಕಾಗತ್ತೆ? ತಿರುಚ್ಚಿಗೆ ಫೋನ್ ಮಾಡಿ ಬೇಕಾದ್ರೆ!"

ಎರಡು ಗಂಟೆ ದಾಟಿದ ತಡಕ್ಕೆ ತಿಂಡಿ ಕೊಡಬೇಕು ಅಂತ ನಿಯಮವಿದೆ. ಇಂಥ ಸಣ್ಣ ದೂರದ ವಿಮಾನಗಳಿಗೆ ಆ ಲೆಕ್ಕ. ಆರು ಗಂಟೆ ಮೀರುವ ಹಾಗಿದ್ದರೆ ಬೇರೆ ವಿಮಾನ, ಇಲ್ಲವೇ ದುಡ್ಡು ವಾಪಸ್. ಹವಾಮಾನದಂಥ ಕೈಮೀರಿದ ಕಾರಣಕ್ಕೆ ಪರಿಹಾರ ಕೊಡಬೇಕಾಗಿಲ್ಲ. ಹಾಗಾಗಿ ಮಂಜಿನ ಮೇಲೆ ಕಂಪನಿಗಳಿಗೆ ವಿಶೇಷ ಪ್ರೀತಿ ಇದ್ದರೆ ಆಶ್ಚರ್ಯವಿಲ್ಲ. ನಮಗೆ ಒಂದು ತಣ್ಣನೆಯ ಸಮೋಸ, ಒಂದು ಜ್ಯೂಸ್ ಪೊಟ್ಟಣ ಬಂತು. ಭಾವ ಸಮೋಸದ ಜೊತೆಗೆ ಚೀಲದಿಂದ ಹಲಸಿನ ಹಪ್ಪಳ ತೆಗೆದರು. ಆ ಹುಡುಗಿಗೂ ನಾಲ್ಕು ಕೊಟ್ಟರು.

ಅಂತೂ ವಿಮಾನ ಬಂತು. ತಿರುಚ್ಚಿಯ ಪಾಪವನ್ನೆಲ್ಲ ಹೊತ್ತುಕೊಂಡು ಬಂದದ್ದಕ್ಕೆ ಅದರ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. ಎಲ್ಲರೂ ಹತ್ತಿದೆವು. ಆಮೇಲೂ ಬಾಗಿಲು ಹಾಕಲಿಲ್ಲ. ಒಬ್ಬರು ಕಡಿಮೆ. ಚೆಕ್-ಇನ್ ಆಗಿದೆ, ಸೂಟ್‌ಕೇಸ್ ವಿಮಾನದ ಹೊಟ್ಟೆ ಸೇರಿದೆ, ಮನುಷ್ಯ ಇಲ್ಲ. ಅವರನ್ನು ಬಿಟ್ಟು ಹೋಗುವುದಾದರೆ ಅವರ ಸೂಟ್‌ಕೇಸನ್ನೂ ಹುಡುಕಿ ಕೆಳಗಿಳಿಸಬೇಕು. ಭದ್ರತೆಯ ನಿಯಮ. ಇಳಿಸುವ ಸಿದ್ಧತೆ ನಡೆದಾಗ ನೀಲಿ ಕೋಟು ಫೋನಿನಲ್ಲಿ ಮಾತಾಡುತ್ತ, ನಿಧಾನವಾಗಿ ಮೆಟ್ಟಿಲು ಹತ್ತಿ ಬಂತು.

"15" ಅಂದರು ಭಾವ, ಎಲ್ಲರಿಗೂ ಕೇಳುವ ಹಾಗೆ.

ಆಕಾಶದಲ್ಲಿ ಒಂದು ಗಂಟೆಯೂ ಹಿಡಿಯಲಿಲ್ಲ. ದೇವನಹಳ್ಳಿಯಿಂದ ಬನಶಂಕರಿಗೆ ಅದರ ಎರಡರಷ್ಟು ಹಿಡಿಯಿತು. ಅದಕ್ಕೆ ಯಾವ ಕೋಡೂ ಇಲ್ಲ, ಸಮೋಸವೂ ಇಲ್ಲ. ಹಾಲ್ ತಲುಪಿದಾಗ ಮುಹೂರ್ತ ದಾಟಿತ್ತು. ಮುಖ ಸಪ್ಪೆ ಮಾಡಿಕೊಂಡು ಒಳಗೆ ಹೋದರೆ ಮಂಟಪ ಖಾಲಿ. ಹುಡುಗಿ ಕಡೆಯವರು, ಹುಡುಗನ ಕಡೆಯವರು ಎಲ್ಲ ಕಾಫಿ ಕುಡಿಯುತ್ತ ಕೂತಿದ್ದಾರೆ. ಚಿಕ್ಕಪ್ಪ ಬಾಗಿಲಿಗೂ ಫೋನಿಗೂ ಓಡಾಡುತ್ತಿದ್ದರು.

"ಪುರೋಹಿತರು ಇನ್ನೂ ಬಂದಿಲ್ಲ" ಅಂದರು. "ಬೆಳಿಗ್ಗೆ ಮಲ್ಲೇಶ್ವರದಲ್ಲಿ ಗೃಹಪ್ರವೇಶ ಇತ್ತಂತೆ, ಅದು ತಡ ಆಯ್ತಂತೆ. ಆಮೇಲೆ ಜಯನಗರದಲ್ಲಿ ಸತ್ಯನಾರಾಯಣ ಪೂಜೆ, ಅದೂ ತಡವಾಗಿ ಶುರು ಆಯ್ತಂತೆ. ಈಗ ದಾರಿಯಲ್ಲಿದ್ದಾರೆ, ಇನ್ನರ್ಧ ಗಂಟೆ ಅಂತಾರೆ. ಆಗಿಂದ ಅರ್ಧ ಗಂಟೆ ಅಂತಲೇ ಹೇಳ್ತಿದ್ದಾರೆ. ಯಾರನ್ನ ಬೈಯೋದು ಹೇಳು?"

ಭಾವ ಶಲ್ಯ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಚೀಲದಿಂದ ಉಳಿದ ಹಪ್ಪಳ ತೆಗೆದರು.

"93" ಅಂದರು.