ಗರಿ ಹೋಯ್ತು, ಗರಿಗರಿಯೂ ಹೋಯ್ತು

"ಸರ್, ವಿಡಿಯೋ ರೆಡಿನಾ?" ಅಂತ ಕೇಳಿದ ಕೊರಿಯನ್ ಚಿಕನ್ ಹೋಟೆಲ್ಲಿನ ಹುಡುಗ. ಅವನ ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಫಳಫಳ ಹೊಳೆಯುವ ಸ್ಟೀಲ್ ಮುಚ್ಚಳ. ವಿಡಿಯೋ ಬೇಡಪ್ಪಾ, ತಿನ್ನೋಕೆ ಬಂದಿದ್ದೀನಿ ಅಂದೆ. ಅವನಿಗೆ ಪಾಪ ಅರ್ಥವೇ ಆಗಲಿಲ್ಲ. ಪಕ್ಕದ ಟೇಬಲ್ಲಿನವರು ಇನ್ನೂ ಫೋನಿನ ಲೆನ್ಸ್ ಒರೆಸುತ್ತಿದ್ದರು. ಅವರ ಮುಚ್ಚಳ ನಾನು ಬಂದು ಕೂತಾಗಿನಿಂದ ಹಾಗೇ ಇತ್ತು. ನನ್ನ ಮುಚ್ಚಳ ತೆಗೆದ. ಬುಸ್ಸೆಂದು ಆವಿ ಎದ್ದಿತು, ಹಿಂದೆಯೇ ಮುಚ್ಚಳದ ಒಳಗಿಂದ ನಾಲ್ಕು ಹನಿ ನೀರು ಸರಿಯಾಗಿ ಕೋಳಿಯ ಮೇಲೇ ಬಿತ್ತು.

ಕೊರಿಯನ್ ಫ್ರೈಡ್ ಚಿಕನ್ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ, ಸೀರಿಯಲ್ ನೋಡಿ ನೋಡಿ ಎಲ್ಲರೂ ಪಂಡಿತರಾಗಿದ್ದೀರಿ. ಆಲೂಗಡ್ಡೆ ಸ್ಟಾರ್ಚ್ ಹಚ್ಚಿ ಸುಮಾರು 160 ಡಿಗ್ರಿ ಎಣ್ಣೆಯಲ್ಲಿ ಒಮ್ಮೆ ಕರಿಯುವುದು, ತೆಗೆದು ಆರಲು ಬಿಡುವುದು, ಮತ್ತೆ ಇನ್ನೂ ಜಾಸ್ತಿ ಕಾದ ಎಣ್ಣೆಗೆ ಹಾಕುವುದು. ಇಷ್ಟೆಲ್ಲ ತಾಪತ್ರಯ ಯಾಕೆ? ಚರ್ಮದ ನೀರು ಹೋಗಲಿ ಅಂತ. ಅಲ್ಲಿ ಪಾರ್ಸೆಲ್ ಡಬ್ಬಿಗೂ ಆವಿ ಹೋಗಲಿ ಅಂತ ತೂತು ಇಡುತ್ತಾರೆ. ಗರಿಗರಿಗೆ ಅವರ ಮಾತು ಬಾಸಕ್‌ಬಾಸಕ್. ನಮ್ಮ ಹಾಗೇ ಎರಡು ಸಲ ಹೇಳುತ್ತಾರೆ. ಒಂದು ಸಲ ಕರಿದರೂ ಸಾಲದು, ಒಂದು ಸಲ ಹೇಳಿದರೂ ಸಾಲದು. ಇಲ್ಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಎರಡು ಸಲ ಕರಿದು ಮೂರನೇ ಸಲ ಮುಚ್ಚಳದೊಳಗೆ ಹಬೆಯಲ್ಲಿ ಬೇಯಿಸುತ್ತಾರೆ!

ಅಲಂಕಾರಕ್ಕೆ ಮಾತ್ರ ಕೈ ಮುಗಿಯಬೇಕು. ಗೋಡೆ ತುಂಬಾ ಗುಲಾಬಿ ನಿಯಾನ್ ದೀಪದಲ್ಲಿ ಕೊರಿಯನ್ ಅಕ್ಷರ. ಏನು ಬರೆದಿದೆ ಅಂತ ಹುಡುಗನನ್ನು ಕೇಳಿದೆ. "ವೈಬ್ ಸರ್" ಅಂದ.

ನಾನು ತರಿಸಿದ್ದು ಅರ್ಧರ್ಧ. ಅರ್ಧ ಬರೀ ಕರಿದದ್ದು, ಇನ್ನರ್ಧ ಯಾಂಗ್ನ್ಯಮ್, ಅಂದರೆ ಗೊಚುಜಾಂಗ್ ಅನ್ನೋ ಕೊರಿಯನ್ ಮೆಣಸಿನಕಾಯಿ ಪೇಸ್ಟ್, ಬೆಳ್ಳುಳ್ಳಿ, ಸಿಹಿ ಸೇರಿದ ಕೆಂಪು ಸಾಸ್ ಹಚ್ಚಿದ್ದು. ಹಚ್ಚಿದ್ದು ಅಂದೆನಲ್ಲ, ಇಲ್ಲಿ ಹಚ್ಚಿರಲಿಲ್ಲ, ಮುಳುಗಿಸಿದ್ದರು. ಐದು ನಿಮಿಷದಲ್ಲಿ ಸಾಸ್ ಗಡಿ ದಾಟಿ ಎರಡೂ ಅರ್ಧ ಒಂದಾದವು. ಉತ್ತರ ಕೊರಿಯಾ ದಕ್ಷಿಣ ಕೊರಿಯಾಕ್ಕೆ ಇಷ್ಟು ವರ್ಷದಲ್ಲಿ ಆಗದ ಕೆಲಸ ನನ್ನ ತಟ್ಟೆಯಲ್ಲಿ ಆಗಿಹೋಯಿತು. ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು, ಆಪರೇಷನ್‌ಗೆ ನಿಂತ ಸರ್ಜನ್ ಥರ ಒಂದು ತುಂಡು ಎತ್ತಿದೆ. ಹೊರಗಿನ ಪದರ ಒದ್ದೆ ಕಾಲುಚೀಲದ ಹಾಗೆ ಜಾರಿ ತಟ್ಟೆಗೇ ವಾಪಸ್ ಬಿತ್ತು. ಗ್ಲೌಸಿನ ಹೆಬ್ಬೆರಳು ಮೊದಲೇ ಹರಿದಿತ್ತು, ಒಳಗೆಲ್ಲ ಸಾಸ್.

ಒಟ್ಟು ಆರು ತುಂಡು. ಎಣಿಸಿದೆ, ಎಣಿಸದೆ ಇನ್ನೇನು ಮಾಡಲಿ? ಕೊರಿಯಾದಲ್ಲಿ ಅದೇ ಬೆಲೆಗೆ ಕೊಡುವ ಚಿಕನ್ ಸದ್ದಿಲ್ಲದೆ ಕಮ್ಮಿಯಾಗುತ್ತಿದೆ ಅಂತ ಜನ ರೇಗಿ, 2025ರ ಡಿಸೆಂಬರ್‌ನಿಂದ ಹತ್ತು ದೊಡ್ಡ ಚಿಕನ್ ಚೈನ್‌ಗಳು ಕರಿಯುವ ಮುಂಚಿನ ತೂಕವನ್ನು ಮೆನುವಿನಲ್ಲೇ ಬರೆಯಬೇಕು ಅಂತ ಸರ್ಕಾರವೇ ಹೇಳಿತು. ನನ್ನ ಮೆನುವಿನಲ್ಲಿ ತೂಕ ಇರಲಿಲ್ಲ. ಹ್ಯಾಶ್‌ಟ್ಯಾಗ್ ಇತ್ತು.

ಅಲ್ಲಿ ಈ ಅಂಗಡಿಗಳ ಕಥೆಯೇ ಬೇರೆ. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೆಲಸ ಕಳೆದುಕೊಂಡ ಎಷ್ಟೋ ಜನ, ಕೈಗೆ ಬಂದ ದುಡ್ಡು ಹಾಕಿ ಚಿಕನ್ ಅಂಗಡಿ ತೆರೆದರು. ನೀವು ಏನೇ ಓದಿ, ಕೊನೆಗೆ ಕೋಳಿ ಕರಿಯುವುದೇ ಗತಿ ಅಂತ ಅಲ್ಲೊಂದು ಜೋಕೇ ಇದೆ. ಅದರ ಮುಂದಿನ ಭಾಗ ಇನ್ನೂ ಚೆಂದ. ಬರೆಯುತ್ತಿರುವ ಕಂಪ್ಯೂಟರ್ ಪ್ರೋಗ್ರಾಮ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಹತ್ತಿರದ ಚಿಕನ್ ಅಂಗಡಿಗೆ ಹೋಗಿ ಕೇಳಿ, ಮಾಲೀಕ ಹಳೇ ಎಂಜಿನಿಯರ್ ಇರುತ್ತಾನೆ, ಸರಿ ಮಾಡಿಕೊಡುತ್ತಾನೆ. ನಾನೂ ಅಡುಗೆಮನೆ ಕಡೆ ಇಣುಕಿದೆ. ಒಳಗೆ ಎಂಜಿನಿಯರ್ ಇದ್ದರೋ ಇಲ್ಲವೋ, ಕೋಳಿ ಕರಿಯಲು ಬರುವವರಂತೂ ಇರಲಿಲ್ಲ. ಕೆಲಸ ಹೋಗಿ, ಹೆಂಡತಿ ಮಕ್ಕಳ ಮುಖ ನೋಡಿ ಎಣ್ಣೆ ಕಾಯಿಸಿದವನ ಕೋಳಿ ಬಾಸಕ್‌ಬಾಸಕ್ ಆಗಲೇಬೇಕಿತ್ತು, ಇಲ್ಲದಿದ್ದರೆ ನಾಳೆ ಗಿರಾಕಿ ಬರುವುದಿಲ್ಲ. ಇಲ್ಲಿ ಆ ಭಯ ಯಾರಿಗೂ ಇಲ್ಲ. ವಿಡಿಯೋ ಚೆನ್ನಾಗಿ ಬಂದರೆ ನಾಳೆಯ ಕ್ಯೂ ಗ್ಯಾರಂಟಿ.

ಒಂದು ಮಾತು ಒಪ್ಪುತ್ತೇನೆ, ಮೂಲಂಗಿ ಚೆನ್ನಾಗಿತ್ತು. ಸಿಹಿ ಹುಳಿ ನೀರಲ್ಲಿ ನೆನೆದ ಬಿಳಿ ಬಿಳಿ ಚೌಕ. ಇಡೀ ಟೇಬಲ್ಲಿನಲ್ಲಿ ಕಟುಂ ಅಂದದ್ದು ಅದೊಂದೇ. ಇನ್ನೊಂದು ಬಟ್ಟಲು ಕೇಳಿದೆ, ಅದಕ್ಕೆ ಎಕ್ಸ್‌ಟ್ರಾ ಅಂತೆ.

ನಿಜ ಹೇಳಬೇಕಂದರೆ ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಹಸಿದು ಬಂದಿದ್ದೆ. ಮುಕ್ಕಾಲು ಗಂಟೆ ಬಾಗಿಲಲ್ಲಿ ನಿಂತಿದ್ದೆ. ದುಡ್ಡು ನನ್ನದು, ಹೊಟ್ಟೆ ನನ್ನದು. ಬಿಸಿಬಿಸಿ ಕರಿದದ್ದನ್ನು ತೆರೆದ ತಟ್ಟೆಯಲ್ಲಿ ತಂದಿಡಿ, ಬೇರೇನೂ ಕೇಳಲಿಲ್ಲ. ಆ ಮುಚ್ಚಳ ಒಂದು ಇಲ್ಲದಿದ್ದರೆ ಇಷ್ಟೆಲ್ಲ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಬಿಲ್ ಕೊಟ್ಟು ಏಳುವಾಗ ಪಕ್ಕದ ಟೇಬಲ್ಲಿನಿಂದ ಕೇಳಿಸಿತು.

"ಅಣ್ಣಾ, ಆವಿ ಸರಿಯಾಗಿ ಬಂದಿಲ್ಲ. ಮುಚ್ಚಳ ಇನ್ನೊಂದು ಸಲ ಮುಚ್ತೀರಾ?"